ಅಧಿಕ ತೂಕದ ತಪಾಸಣೆಯ ನೈತಿಕತೆ

ಅಧಿಕ ತೂಕದ ತಪಾಸಣೆಯ ನೈತಿಕತೆ ಎಂಬುದು ಸಾರ್ವಜನಿಕ ಆರೋಗ್ಯ ನೀತಿಶಾಸ್ತ್ರದ ಒಂದು ವಿಷಯ. ಯಾವ ಕಾಯಿಲೆಯ ದೂರನ್ನೂ ಹೇಳಿಕೊಂಡು ಬಾರದ ಜನರನ್ನು ಮನೆ, ಶಾಲೆ, ಶಿಬಿರ ಅಥವಾ ಕೆಲಸದ ಸ್ಥಳದಲ್ಲಿ ತೂಗಿ, ಅಳೆದು, ‘ಅಧಿಕ ತೂಕ’ ಅಥವಾ ‘ಬೊಜ್ಜು’ ಎಂಬ ವರ್ಗಕ್ಕೆ ಸೇರಿಸುವುದು ಯಾವ ಷರತ್ತುಗಳಲ್ಲಿ ನ್ಯಾಯಸಮ್ಮತ ಎಂಬುದು ಇದರ ಮೂಲ ಪ್ರಶ್ನೆ. ಒಪ್ಪಿಗೆ, ಖಾಸಗಿತನ, ಅಳತೆಯ ನಿಖರತೆ, ಕಳಂಕ, ತಪಾಸಣೆಯ ನಂತರ ದೊರೆಯುವ ಆರೈಕೆ ಹಾಗೂ ಸಂಪನ್ಮೂಲಗಳ ಹಂಚಿಕೆ ಇದರಲ್ಲಿ ಚರ್ಚೆಗೆ ಬರುತ್ತವೆ. ಅಪೌಷ್ಟಿಕತೆ ಮತ್ತು ಬೊಜ್ಜು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಕಂಡುಬರುವ ಪ್ರದೇಶಗಳಲ್ಲಿ ಈ ಪ್ರಶ್ನೆಗಳು ಇನ್ನಷ್ಟು ಜಟಿಲವಾಗುತ್ತವೆ. ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಅಂತಹ ಪ್ರದೇಶಕ್ಕೆ ಉದಾಹರಣೆ.

ಪರಿಭಾಷೆ

ವೈದ್ಯಶಾಸ್ತ್ರದಲ್ಲಿ ತಪಾಸಣೆ ಮತ್ತು ರೋಗನಿರ್ಣಯ ಬೇರೆ ಬೇರೆ. ನೋವು ಅಥವಾ ತೊಂದರೆಯಿಂದ ರೋಗಿಯೇ ವೈದ್ಯರ ಬಳಿಗೆ ಹೋದಾಗ ನಡೆಯುವುದು ರೋಗನಿರ್ಣಯ. ಆರೋಗ್ಯವಂತರಂತೆ ಕಾಣುವ ಜನರ ಬಳಿಗೆ ವ್ಯವಸ್ಥೆಯೇ ಹೋಗಿ ಅಪಾಯದಲ್ಲಿರುವವರನ್ನು ಬೇರ್ಪಡಿಸುವುದು ತಪಾಸಣೆ. ಇಲ್ಲಿ ಮೊದಲ ಹೆಜ್ಜೆ ಇಡುವುದು ವ್ಯವಸ್ಥೆಯಾದ್ದರಿಂದ ಅದರ ನೈತಿಕ ಹೊಣೆಯೂ ಹೆಚ್ಚು ಎಂಬುದು ಈ ಕ್ಷೇತ್ರದ ಸಾಮಾನ್ಯ ನಿಲುವು.

ಜೆ. ಎಂ. ಜಿ. ವಿಲ್ಸನ್ ಮತ್ತು ಜಿ. ಯುಂಗ್ನರ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ಬರೆದ ವರದಿಯಲ್ಲಿ ತಪಾಸಣೆಗೆ ಹತ್ತು ತತ್ವಗಳನ್ನು ಸೂಚಿಸಿದರು. ಅವುಗಳಲ್ಲಿ ಅಧಿಕ ತೂಕದ ವಿಷಯಕ್ಕೆ ಹೆಚ್ಚು ಅನ್ವಯಿಸುವವು ಇವು:

• ತಪಾಸಣೆಗೆ ಒಳಪಡುವ ಸ್ಥಿತಿಯು ಮಹತ್ವದ ಆರೋಗ್ಯ ಸಮಸ್ಯೆಯಾಗಿರಬೇಕು.
• ಅದಕ್ಕೆ ಅಂಗೀಕೃತ ಚಿಕಿತ್ಸೆ ಇರಬೇಕು.
• ಮುಂದಿನ ಪರೀಕ್ಷೆ ಮತ್ತು ಚಿಕಿತ್ಸೆಯ ಸೌಲಭ್ಯಗಳು ಲಭ್ಯವಿರಬೇಕು.
• ಪರೀಕ್ಷೆಯು ಸೂಕ್ತವಾಗಿದ್ದು, ಜನರಿಗೆ ಒಪ್ಪಿಗೆಯಾಗುವಂತಿರಬೇಕು.
• ಯಾರನ್ನು ರೋಗಿಗಳೆಂದು ಪರಿಗಣಿಸಬೇಕು ಎಂಬ ಬಗ್ಗೆ ಒಮ್ಮತದ ನೀತಿ ಇರಬೇಕು.
• ತಪಾಸಣೆ ಒಮ್ಮೆ ನಡೆದು ಮುಗಿಯದೆ ನಿರಂತರವಾಗಿರಬೇಕು.

ಅಳತೆಯ ವಿಧಾನಗಳು ಮತ್ತು ಮಿತಿಗಳು

ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ ದೇಹದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿಎಂಐ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಈ ಅನುಪಾತವನ್ನು 19ನೆಯ ಶತಮಾನದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ ರೂಪಿಸಿದರು. ‘ಸರಾಸರಿ ಮನುಷ್ಯ’ನನ್ನು ಅಂಕಿ-ಅಂಶಗಳ ಮೂಲಕ ವಿವರಿಸುವುದು ಅವರ ಉದ್ದೇಶವಾಗಿತ್ತೇ ಹೊರತು ಒಬ್ಬ ವ್ಯಕ್ತಿಯ ಆರೋಗ್ಯವನ್ನು ನಿರ್ಣಯಿಸುವುದಲ್ಲ. ಈಗಿನ ಹೆಸರನ್ನು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಬಳಕೆಗೆ ತಂದರು.

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ವರ್ಗೀಕರಣದಲ್ಲಿ ಸೂಚ್ಯಂಕ 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ಏಷ್ಯಾದ ಜನರಲ್ಲಿ ಇದಕ್ಕಿಂತ ಕಡಿಮೆ ಸೂಚ್ಯಂಕದಲ್ಲೇ ಮಧುಮೇಹ ಮತ್ತು ಹೃದ್ರೋಗದ ಅಪಾಯ ಕಾಣಿಸಿಕೊಳ್ಳುವುದರಿಂದ, 2004ರಲ್ಲಿ ಪ್ರಕಟವಾದ ಸಂಸ್ಥೆಯ ತಜ್ಞ ಸಮಾಲೋಚನೆಯು 23 ಮತ್ತು 27.5 ಎಂಬ ಹೆಚ್ಚುವರಿ ಗಡಿಗಳನ್ನು ಸೂಚಿಸಿತು. ಭಾರತೀಯ ತಜ್ಞರ 2009ರ ಒಮ್ಮತದ ಹೇಳಿಕೆಯ ಪ್ರಕಾರ 23ರಿಂದ 24.9ರವರೆಗೆ ಅಧಿಕ ತೂಕ, 25 ಮತ್ತು ಅದಕ್ಕೂ ಮೇಲ್ಪಟ್ಟು ಬೊಜ್ಜು. ಸೊಂಟದ ಸುತ್ತಳತೆಯ ಗಡಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ.

ಗಡಿ ಬದಲಾದಂತೆ ವ್ಯಕ್ತಿಯ ಹಣೆಪಟ್ಟಿಯೂ ಬದಲಾಗುತ್ತದೆ. ಉದಾಹರಣೆಗೆ, 150 ಸೆಂ.ಮೀ. ಎತ್ತರ ಮತ್ತು 54 ಕೆ.ಜಿ. ತೂಕವಿರುವ ಮಹಿಳೆಯ ಸೂಚ್ಯಂಕ 24. ಆಕೆ ಸಾಮಾನ್ಯ ವರ್ಗೀಕರಣದಲ್ಲಿ ಸಹಜ ತೂಕದವಳು. ಭಾರತೀಯ ವರ್ಗೀಕರಣದಲ್ಲಿ ಅಧಿಕ ತೂಕದವಳು. ಆಕೆಯ ತೂಕ ಮೂರು ಕೆ.ಜಿ. ಹೆಚ್ಚಿದರೆ ಮೊದಲನೆಯದರಲ್ಲಿ ‘ಅಧಿಕ ತೂಕ’, ಎರಡನೆಯದರಲ್ಲಿ ‘ಬೊಜ್ಜು’ ಎಂದು ದಾಖಲಾಗುತ್ತಾಳೆ.

ಸೂಚ್ಯಂಕವು ಕೊಬ್ಬು, ಸ್ನಾಯು ಮತ್ತು ಮೂಳೆಯನ್ನು ಪ್ರತ್ಯೇಕಿಸುವುದಿಲ್ಲ. 2010ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಬೊಜ್ಜನ್ನು ಗುರುತಿಸಲು ಬಳಸುವ ಬಿಎಂಐ ಗಡಿಗಳು ದೇಹದಲ್ಲಿ ಹೆಚ್ಚು ಕೊಬ್ಬಿರುವವರ ಪೈಕಿ ಅರ್ಧದಷ್ಟು ಜನರನ್ನು ಮಾತ್ರ ಪತ್ತೆಹಚ್ಚುತ್ತವೆ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರ ಸೂಚ್ಯಂಕವೂ 22.3 ಆಗಿತ್ತು, ಆದರೆ ದೇಹದ ಕೊಬ್ಬಿನ ಪ್ರಮಾಣ ಯಡ್ಕಿನ್ ಅವರಲ್ಲಿ ಶೇ. 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997ರಿಂದ ಆರಂಭವಾದ ಪಾರ್ಥಿನಾನ್ ಅಧ್ಯಯನವು, ಪಾಶ್ಚಾತ್ಯ ಶಿಶುಗಳಿಗಿಂತ ಕಡಿಮೆ ತೂಕದೊಂದಿಗೆ ಹುಟ್ಟಿದ ಮಕ್ಕಳಲ್ಲಿಯೂ ಬೆನ್ನಿನ ಭಾಗದ ಕೊಬ್ಬು ಕಡಿಮೆಯಾಗಿರುವುದಿಲ್ಲ ಎಂಬುದನ್ನು ತೋರಿಸಿತು. ತೆಳ್ಳಗೆ ಕಾಣುವವರಿಗೆ ‘ನಿಮಗೇನೂ ತೊಂದರೆಯಿಲ್ಲ’ ಎಂಬ ಸುಳ್ಳು ಭರವಸೆ ದೊರೆಯುವ ಸಾಧ್ಯತೆ ಇದರಿಂದ ಸ್ಪಷ್ಟವಾಗುತ್ತದೆ.

2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೊಂದು ಬೊಜ್ಜನ್ನು ಎರಡಾಗಿ ವಿಂಗಡಿಸುವಂತೆ ಸೂಚಿಸಿತು: ಅಂಗಾಂಗಗಳ ಕಾರ್ಯಕ್ಕೆ ಅಥವಾ ದೈನಂದಿನ ಚಟುವಟಿಕೆಗೆ ಈಗಾಗಲೇ ಧಕ್ಕೆ ತಂದಿರುವುದು, ಮತ್ತು ಇನ್ನೂ ಅಂತಹ ಧಕ್ಕೆ ತಂದಿರದ ಪೂರ್ವಾವಸ್ಥೆ. ಕೇವಲ ಬಿಎಂಐ ಆಧಾರದ ಮೇಲೆ ವ್ಯಕ್ತಿಯನ್ನು ರೋಗಿಯೆಂದು ಕರೆಯಬಾರದು ಎಂಬುದು ಅದರ ಮುಖ್ಯ ಶಿಫಾರಸು.

ಭಾರತ ಮತ್ತು ಕರ್ನಾಟಕದಲ್ಲಿ

ಸ್ಥಿತಿಗತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಿರುವ 15ರಿಂದ 49 ವರ್ಷದ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ. 23.3 ಇದ್ದದ್ದು 2019–21ರ ಸುತ್ತಿನಲ್ಲಿ ಶೇ. 30.1ಕ್ಕೆ ಏರಿತು. ಪುರುಷರಲ್ಲಿ ಅದು ಶೇ. 22.1ರಿಂದ ಶೇ. 30.9ಕ್ಕೆ ಏರಿತು. ಅದೇ ಸುತ್ತಿನಲ್ಲಿ ಶೇ. 17.2 ಮಹಿಳೆಯರು ಕಡಿಮೆ ತೂಕದವರಾಗಿದ್ದರು ಮತ್ತು ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಹೊಂದಿರಲಿಲ್ಲ. ಇದನ್ನು ‘ಅಪೌಷ್ಟಿಕತೆಯ ಇಮ್ಮಡಿ ಹೊರೆ’ ಎನ್ನಲಾಗುತ್ತದೆ.

ಸರ್ಕಾರಿ ತಪಾಸಣೆ

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. ಅದರಡಿ 30 ವರ್ಷ ಮೇಲ್ಪಟ್ಟವರನ್ನು ಅಧಿಕ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗಾಗಿ ತಪಾಸಣೆ ಮಾಡಲಾಗುತ್ತದೆ. ಆಶಾ ಕಾರ್ಯಕರ್ತೆಯು ಮನೆಮನೆಗೆ ತೆರಳಿ ಸಮುದಾಯ ಆಧಾರಿತ ಮೌಲ್ಯಮಾಪನ ಪಟ್ಟಿಯೊಂದನ್ನು ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ದೈಹಿಕ ಶ್ರಮ, ಕುಟುಂಬದ ಇತಿಹಾಸ ಮತ್ತು ಸೊಂಟದ ಸುತ್ತಳತೆಗೆ ಅಂಕಗಳಿವೆ. ಮಹಿಳೆಯರಲ್ಲಿ 81ರಿಂದ 90 ಸೆಂ.ಮೀ. ಸುತ್ತಳತೆಗೆ 1 ಅಂಕ, ಅದಕ್ಕೂ ಮೀರಿದರೆ 2. ಪುರುಷರಲ್ಲಿ 91ರಿಂದ 100 ಸೆಂ.ಮೀ.ಗೆ 1, ಅದಕ್ಕೂ ಮೀರಿದರೆ 2. ಒಟ್ಟು ಅಂಕ 4ನ್ನು ದಾಟಿದವರಿಗೆ ತಪಾಸಣೆಯಲ್ಲಿ ಆದ್ಯತೆ ದೊರೆಯುತ್ತದೆ. ಕರ್ನಾಟಕ ಸರ್ಕಾರವು ಮನೆಬಾಗಿಲಿನ ತಪಾಸಣೆಗಾಗಿ ‘ಗೃಹ ಆರೋಗ್ಯ’ ಯೋಜನೆಯನ್ನು 2024ರಲ್ಲಿ ಮೊದಲಿಗೆ ಕೋಲಾರ ಜಿಲ್ಲೆಯಲ್ಲಿ ಜಾರಿಗೆ ತಂದಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಪಟ್ಟಿಯಲ್ಲಿ ಸೊಂಟದ ಅಳತೆಯು ಬೇರೆ ರೋಗಗಳ ಅಪಾಯಸೂಚಕ, ಅದೇ ರೋಗವಲ್ಲ. ಅಳತೆಯ ಫಲಿತಾಂಶವು ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಗೆ ಹಾದಿಯಾಗುತ್ತದೆ. ಈ ಎರಡು ಸ್ಥಿತಿಗಳಿಗೆ ಪರಿಣಾಮಕಾರಿ ಹಾಗೂ ಅಗ್ಗದ ಔಷಧಗಳಿವೆ. ಆದ್ದರಿಂದ ತೂಕವನ್ನೇ ಗುರಿಯಾಗಿಸುವ ತಪಾಸಣೆಗಿಂತ ಇದು ನೈತಿಕವಾಗಿ ಹೆಚ್ಚು ಸಮರ್ಥನೀಯ ಎಂದು ವಾದಿಸಬಹುದು.

ಉದ್ಯೋಗದಲ್ಲಿ ತಪಾಸಣೆ

2018ರಲ್ಲಿ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ ಅಂದಿನ ಮುಖ್ಯಸ್ಥ, ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ ಭಾಸ್ಕರ್ ರಾವ್, ಅಧಿಕ ತೂಕದ ಸಿಬ್ಬಂದಿಯನ್ನು ಗುರುತಿಸುವಂತೆ ಪಡೆಗಳ ಕಮಾಂಡೆಂಟರಿಗೆ ಸೂಚಿಸಿದರು. ತೂಕ ಇಳಿಸದವರನ್ನು ಅಮಾನತುಗೊಳಿಸುವ ಎಚ್ಚರಿಕೆಯೂ ಅದರೊಂದಿಗಿತ್ತು. 2023ರಲ್ಲಿ ಅಸ್ಸಾಂ ಪೊಲೀಸ್ ಇಲಾಖೆಯು ಸಿಬ್ಬಂದಿಯ ಬಿಎಂಐ ದಾಖಲಿಸಿ, 30 ಮೀರಿದವರಿಗೆ ತೂಕ ಇಳಿಸಲು ಕಾಲಾವಕಾಶ ಅಥವಾ ಸ್ವಯಂನಿವೃತ್ತಿಯ ಆಯ್ಕೆ ನೀಡುವುದಾಗಿ ಪ್ರಕಟಿಸಿತು. ಇಂತಹ ಕ್ರಮಗಳನ್ನು ಬೆಂಬಲಿಸುವವರು ವೃತ್ತಿಗೆ ಬೇಕಾದ ದೇಹಕ್ಷಮತೆ ಮತ್ತು ಸಿಬ್ಬಂದಿಯ ಆಯುರಾರೋಗ್ಯವನ್ನು ಮುಂದಿಡುತ್ತಾರೆ. ವಿರೋಧಿಸುವವರು, ಓಟ ಮತ್ತು ಕವಾಯತಿನ ಪರೀಕ್ಷೆಯಿಂದ ಕ್ಷಮತೆಯನ್ನು ನೇರವಾಗಿ ಅಳೆಯಬಹುದಾದಾಗ ತೂಕವನ್ನು ಅದರ ಬದಲಿಗೆ ಬಳಸುವುದು ಸರಿಯಲ್ಲ ಎನ್ನುತ್ತಾರೆ. ರಾತ್ರಿಪಾಳಿ, ದೀರ್ಘ ಬಂದೋಬಸ್ತ್ ಮತ್ತು ಹೊತ್ತಲ್ಲದ ಹೊತ್ತಿನ ಊಟ ತೂಕ ಹೆಚ್ಚಲು ಕಾರಣವಾಗಿದ್ದರೆ ದಂಡನೆ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯೂ ಏಳುತ್ತದೆ.

ವಿಜಯಪುರ ಜಿಲ್ಲೆಯ ತಾಲ್ಲೂಕುಗಳಲ್ಲಿ

2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಜನಸಂಖ್ಯೆ 21,77,331. ಇವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಗ್ರಾಮವಾಸಿಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಜಿಲ್ಲೆಯ ಹಳೆಯ ತಾಲ್ಲೂಕುಗಳು. ಇವುಗಳನ್ನು ವಿಂಗಡಿಸಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳನ್ನು ರಚಿಸಲಾಗಿದೆ. ಜೋಳ, ತೊಗರಿ ಮತ್ತು ಕಡಲೆ ಇಲ್ಲಿನ ಸಾಂಪ್ರದಾಯಿಕ ಬೆಳೆಗಳು. ಆಲಮಟ್ಟಿ ಜಲಾಶಯ ಹಾಗೂ ಏತ ನೀರಾವರಿ ಯೋಜನೆಗಳ ನಂತರ ಕಬ್ಬಿನ ಬೆಳೆ ವಿಸ್ತರಿಸಿದೆ. ಇಂಡಿಯ ನಿಂಬೆ ಹೆಸರುವಾಸಿ. ಮಳೆಯಾಶ್ರಿತ ಹಳ್ಳಿಗಳಿಂದ ಮತ್ತು ಲಂಬಾಣಿ ತಾಂಡಾಗಳಿಂದ ಮಹಾರಾಷ್ಟ್ರ, ಗೋವಾ ಹಾಗೂ ಬೆಂಗಳೂರಿನ ಕಡೆಗೆ ದುಡಿಮೆಗಾಗಿ ಗುಳೆ ಹೋಗುವುದು ವಾಡಿಕೆ.

ಈ ಭಾಗದಲ್ಲಿ ತೂಕದ ಯಂತ್ರದ ಇತಿಹಾಸ ಹಸಿವಿನೊಂದಿಗೆ ಬೆಸೆದುಕೊಂಡಿದೆ. ಅಂಗನವಾಡಿಯಲ್ಲಿ ಮಗುವನ್ನು ತೂಗುವುದು ಕಡಿಮೆ ತೂಕವನ್ನು ಪತ್ತೆಹಚ್ಚಲು; ಬಾಣಂತಿ ಮತ್ತು ಗರ್ಭಿಣಿಯರನ್ನು ತೂಗುವುದೂ ಅದಕ್ಕಾಗಿಯೇ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರವು ಶಾಲಾ ಬಿಸಿಯೂಟದೊಂದಿಗೆ ಮೊಟ್ಟೆ ನೀಡುವ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಆಯ್ಕೆಯಾದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಒಂದಾಗಿತ್ತು. ಉಳಿದವು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ನೀಡಲಾಯಿತು. ಕೆಲವು ಮಠಾಧೀಶರು ಕಾರ್ಯಕ್ರಮವನ್ನು ವಿರೋಧಿಸಿದರು. ಅನೇಕ ವಿದ್ಯಾರ್ಥಿಗಳು ಮತ್ತು ಸಂಘಟನೆಗಳು ಬೆಂಬಲಿಸಿದವು. ಯಾದಗಿರಿ ಮತ್ತು ಗದಗ ಜಿಲ್ಲೆಗಳ ಮಕ್ಕಳನ್ನು ಹೋಲಿಸಿದ ಅಧ್ಯಯನದಲ್ಲಿ ಮೊಟ್ಟೆ ಪಡೆದ ಮಕ್ಕಳ ತೂಕ ಹೆಚ್ಚಿದ್ದನ್ನು ಯಶಸ್ಸೆಂದು ಪರಿಗಣಿಸಲಾಯಿತು. ತೂಕ ಏರಿದರೆ ಒಳಿತೆಂದು ಹೇಳುವ ಯಂತ್ರವೇ ಅದೇ ಶಾಲೆಯಲ್ಲಿ ತೂಕ ಏರಿದರೆ ಕೆಡುಕೆಂದು ಹೇಳಲು ಬಳಕೆಯಾದಾಗ, ಸಂದೇಶವನ್ನು ವಿವರಿಸುವ ಹೊಣೆ ತಪಾಸಣೆ ನಡೆಸುವವರದು.

ಸ್ಥಳೀಯ ಪರಿಸ್ಥಿತಿಯಿಂದ ಉದ್ಭವಿಸುವ ವಿಶಿಷ್ಟ ಪ್ರಶ್ನೆಗಳು ಹೀಗಿವೆ:

• ಅಳೆಯುವವರು ಯಾರು: ಆಶಾ ಕಾರ್ಯಕರ್ತೆ ಅದೇ ಊರಿನವರು. ಪರಿಚಯದಿಂದ ನಂಬಿಕೆ ಹುಟ್ಟುತ್ತದೆ. ಆದರೆ ನೆರೆಮನೆಯವರೇ ಸೊಂಟದ ಅಳತೆ ತೆಗೆದು ದಾಖಲಿಸುವಾಗ ಮುಜುಗರವೂ ಆಗಬಹುದು.
• ಅಳೆಯುವ ಸ್ಥಳ: ಕಟ್ಟೆ, ಅಂಗಳ ಅಥವಾ ಶಾಲೆಯ ವರಾಂಡದಲ್ಲಿ ಅಳೆದ ಸಂಖ್ಯೆ ಗುಟ್ಟಾಗಿ ಉಳಿಯುವುದಿಲ್ಲ.
• ಗುಳೆ: ಊರಿನಲ್ಲಿ ತಪಾಸಣೆಗೆ ಒಳಗಾದವರು ಹಂಗಾಮಿನಲ್ಲಿ ಹೊರರಾಜ್ಯದಲ್ಲಿರುತ್ತಾರೆ. ಇಂಡಿ ಭಾಗದವರು ಚಿಕಿತ್ಸೆಗೆ ಸೊಲ್ಲಾಪುರವನ್ನು ಅವಲಂಬಿಸುವುದೂ ಇದೆ. ದಾಖಲೆ ಅವರ ಜೊತೆ ಹೋಗದಿದ್ದರೆ ಮುಂದಿನ ಆರೈಕೆ ಕಡಿದುಹೋಗುತ್ತದೆ.
• ನಂಬಿಕೆ: ಮೈಕೈ ತುಂಬಿಕೊಂಡ ಮಗುವನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂಬ ಭಾವನೆ ಕೆಲವರಲ್ಲಿದೆ. ಇದನ್ನು ಹೀಗಳೆಯದೆ ಖಾಸಗಿಯಾಗಿ ತೂಗುವುದು ಸುಲಭದ ಪರಿಹಾರ.

ಪ್ರಮುಖ ನೈತಿಕ ಪ್ರಶ್ನೆಗಳು

ಟಾಮ್ ಬೋಷಾಂಪ್ ಮತ್ತು ಜೇಮ್ಸ್ ಚಿಲ್ಡ್ರೆಸ್ 1979ರಲ್ಲಿ ಮಂಡಿಸಿದ ನಾಲ್ಕು ತತ್ವಗಳು (ಸ್ವಾಯತ್ತತೆ, ಹಿತಸಾಧನೆ, ಅಹಿತ ನಿವಾರಣೆ ಮತ್ತು ನ್ಯಾಯ) ಈ ಚರ್ಚೆಗೆ ಸಾಮಾನ್ಯವಾಗಿ ಚೌಕಟ್ಟಾಗಿ ಬಳಕೆಯಾಗುತ್ತವೆ.

ಒಪ್ಪಿಗೆ

ಶಾಲೆಯಲ್ಲಿ ಸಾಲಾಗಿ ನಿಂತ ಮಗುವಿಗೂ, ಮೇಲಧಿಕಾರಿಯ ಆದೇಶದಂತೆ ಬಂದ ಪೇದೆಗೂ ‘ಬೇಡ’ ಎನ್ನುವ ಅವಕಾಶ ನಿಜವಾಗಿ ಇದೆಯೇ ಎಂಬುದು ಮೊದಲ ಪ್ರಶ್ನೆ. ಮನೆಬಾಗಿಲಿಗೆ ಬಂದ ಕಾರ್ಯಕರ್ತೆಗೆ ನಿರಾಕರಿಸಿದರೆ ಪಡಿತರ ಅಥವಾ ಪಿಂಚಣಿಗೆ ತೊಂದರೆಯಾದೀತೆಂಬ ಆತಂಕವಿದ್ದರೂ ಒಪ್ಪಿಗೆ ಮುಕ್ತವಾಗಿರುವುದಿಲ್ಲ. ಏತಕ್ಕಾಗಿ ಅಳೆಯಲಾಗುತ್ತಿದೆ, ಫಲಿತಾಂಶ ಯಾರಿಗೆ ತಿಳಿಯುತ್ತದೆ, ನಿರಾಕರಿಸಿದರೆ ಯಾವ ಸೌಲಭ್ಯವೂ ತಪ್ಪುವುದಿಲ್ಲ ಎಂಬ ಮೂರು ಮಾತುಗಳನ್ನು ಆಡುಮಾತಿನಲ್ಲಿ ತಿಳಿಸುವುದು ಕನಿಷ್ಠ ಅಗತ್ಯ.

ಕಳಂಕ ಮತ್ತು ಭಾಷೆ

ಕನ್ನಡದಲ್ಲಿ ‘ಕೊಬ್ಬು’ ಎಂಬ ಪದಕ್ಕೆ ಮೇದಸ್ಸು ಎಂಬ ಅರ್ಥದ ಜೊತೆಗೆ ಸೊಕ್ಕು, ಅಹಂಕಾರ ಎಂಬ ಅರ್ಥವೂ ಇದೆ. ‘ಕೊಬ್ಬಿದವನು’ ಎಂಬುದು ಬೈಗುಳ. ಹೀಗಾಗಿ ‘ನಿಮ್ಮ ದೇಹದಲ್ಲಿ ಕೊಬ್ಬು ಹೆಚ್ಚಾಗಿದೆ’ ಎಂಬ ವೈದ್ಯಕೀಯ ವಾಕ್ಯವೂ ನಡತೆಯ ಮೇಲಿನ ತೀರ್ಪಿನಂತೆ ಕೇಳಿಸಬಹುದು. ಶಾಲೆಯಲ್ಲಿ ‘ಡುಮ್ಮ’, ‘ಡುಮ್ಮಿ’ ಎಂಬ ಅಡ್ಡಹೆಸರುಗಳು ಸಾಮಾನ್ಯ. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಮೈಕಟ್ಟು ಚರ್ಚೆಯ ವಿಷಯವಾಗುತ್ತದೆ. ಇನ್ನೊಂದೆಡೆ ‘ಸೊರಗಿದ’ ಎಂಬುದು ಬಡತನ ಮತ್ತು ಕಾಯಿಲೆಯ ಸೂಚನೆಯಾಗಿಯೂ ‘ಮೈಕೈ ತುಂಬಿಕೊಂಡ’ ಎಂಬುದು ಆರೋಗ್ಯದ ಸೂಚನೆಯಾಗಿಯೂ ಬಳಕೆಯಲ್ಲಿವೆ. ತೂಕದ ಬಗೆಗಿನ ಅವಮಾನವು ಜನರನ್ನು ಆಸ್ಪತ್ರೆಯಿಂದ ದೂರವಿಡುತ್ತದೆ ಮತ್ತು ಅನಾರೋಗ್ಯಕರ ಆಹಾರ ಪದ್ಧತಿಗೆ ತಳ್ಳುತ್ತದೆ ಎಂಬುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ‘ಸೊಂಟದ ಅಳತೆ ಮಿತಿಗಿಂತ ಹೆಚ್ಚಿದೆ, ಸಕ್ಕರೆ ಪರೀಕ್ಷೆ ಮಾಡಿಸೋಣ’ ಎಂಬಂತಹ ಮಾತು ಇದಕ್ಕೆ ಪರ್ಯಾಯ.

ತಪಾಸಣೆಯ ನಂತರ ಏನು

ಆರೈಕೆಯ ವ್ಯವಸ್ಥೆಯಿಲ್ಲದ ತಪಾಸಣೆಯು ಆತಂಕವನ್ನು ಮಾತ್ರ ಹಂಚುತ್ತದೆ ಎಂಬುದು ಪ್ರಮುಖ ಟೀಕೆ. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆಯು 2024ರಲ್ಲಿ, ಬೊಜ್ಜಿರುವ ಆರು ವರ್ಷ ಮತ್ತು ಮೇಲ್ಪಟ್ಟ ಮಕ್ಕಳಿಗೆ ಕನಿಷ್ಠ 26 ಗಂಟೆಗಳ ಸಮಗ್ರ ಸಮಾಲೋಚನೆ ಬೇಕೆಂದು ಹೇಳಿತು. ನೂರಾರು ಮನೆಗಳ ಹೊಣೆ ಹೊತ್ತ ಆಶಾ ಕಾರ್ಯಕರ್ತೆಯಿಂದ ಅಥವಾ ಹೊರರೋಗಿಗಳ ಸಾಲು ಮುಗಿಯದ ತಾಲ್ಲೂಕು ಆಸ್ಪತ್ರೆಯಿಂದ ಅಷ್ಟು ಸಮಯವನ್ನು ನಿರೀಕ್ಷಿಸುವುದು ಕಷ್ಟ. ‘ಕಡಿಮೆ ತಿನ್ನಿ, ನಡೆಯಿರಿ’ ಎಂಬ ಒಂದು ಸಾಲಿನ ಸಲಹೆಯು ಹೊಲದಲ್ಲಿ ದಿನವಿಡೀ ಕಳೆ ತೆಗೆದು ಬಂದ ಮಹಿಳೆಗೆ ಅರ್ಥಹೀನವಾಗಿ ಕಾಣಬಹುದು.

ತೂಕ ಇಳಿಸುವ ಹೊಸ ಔಷಧಗಳಾದ ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಕ್ರಮವಾಗಿ ಮೌಂಜಾರೊ ಮತ್ತು ವೆಗೊವಿ ಎಂಬ ಹೆಸರಿನಲ್ಲಿ 2025ರ ಮಾರ್ಚ್ ಮತ್ತು ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಇವುಗಳ ಬೆಲೆ ಕೂಲಿಕಾರ ಕುಟುಂಬಗಳ ಕೈಗೆಟುಕುವಂತಿರಲಿಲ್ಲ. ಔಷಧ ಅಥವಾ ಶಸ್ತ್ರಚಿಕಿತ್ಸೆಯ ಗ್ರಾಹಕರನ್ನು ಹುಡುಕುವ ಉದ್ದೇಶದ ಉಚಿತ ಶಿಬಿರಗಳಲ್ಲಿ ಹಿತಾಸಕ್ತಿಯ ಸಂಘರ್ಷವೂ ಇರುತ್ತದೆ.

ವ್ಯಕ್ತಿಯ ಹೊಣೆ ಮತ್ತು ಸಮಾಜದ ಹೊಣೆ

ತಪಾಸಣೆಯು ಸಮಸ್ಯೆಯನ್ನು ವ್ಯಕ್ತಿಯ ದೇಹದಲ್ಲಿ ಗುರುತಿಸುತ್ತದೆ. ಕಾರಣಗಳು ಹಲವು ವೇಳೆ ಹೊರಗಿರುತ್ತವೆ. ರೊಟ್ಟಿಯ ಜಾಗದಲ್ಲಿ ಅನ್ನ ಹೆಚ್ಚಿರುವುದು, ಅಗ್ಗದ ತಾಳೆ ಎಣ್ಣೆ, ಹಳ್ಳಿಯ ಅಂಗಡಿಗೂ ತಲುಪಿದ ಕುರುಕಲು ಪೊಟ್ಟಣಗಳು, ಯಂತ್ರಗಳಿಂದ ತಗ್ಗಿದ ಹೊಲದ ದುಡಿಮೆ, ಸಂಜೆಯ ಹೊತ್ತು ಮಹಿಳೆಯರು ನಿರಾತಂಕವಾಗಿ ನಡೆಯಲು ದಾರಿಯಿಲ್ಲದಿರುವುದು ಇಂತಹ ಕಾರಣಗಳು. ಗರ್ಭದಲ್ಲಿದ್ದಾಗಿನ ಅಪೌಷ್ಟಿಕತೆಯು ಮುಂದೆ ಮಧುಮೇಹದ ಅಪಾಯವನ್ನು ಹೆಚ್ಚಿಸುವುದರಿಂದ, ಹಿಂದಿನ ತಲೆಮಾರಿನ ಬರಗಾಲದ ಹೊರೆಯನ್ನು ಇಂದಿನ ದೇಹ ಹೊರುತ್ತಿರಬಹುದು. ಇಂತಹವರಿಗೆ ‘ನಿಮ್ಮದೇ ತಪ್ಪು’ ಎಂದು ಹೇಳುವುದು ಅನ್ಯಾಯವೆಂಬುದು ಸಮಾಜಮುಖಿ ಚಿಂತಕರ ವಾದ.

ತಪಾಸಣೆಯ ಪರವಾದ ವಾದಗಳು

ತಪಾಸಣೆ ಮಾಡದಿರುವುದೂ ಒಂದು ನೈತಿಕ ಆಯ್ಕೆಯೇ. ಮಧುಮೇಹ ಮತ್ತು ರಕ್ತದೊತ್ತಡ ವರ್ಷಗಟ್ಟಲೆ ಲಕ್ಷಣಗಳಿಲ್ಲದೆ ಬೆಳೆಯುತ್ತವೆ. ನಗರದ ಶ್ರೀಮಂತರು ಹಣ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಹಳ್ಳಿಯ ಬಡವರು ಪಾರ್ಶ್ವವಾಯು ಅಥವಾ ಮೂತ್ರಪಿಂಡದ ವೈಫಲ್ಯವಾದ ಮೇಲೆಯೇ ಆಸ್ಪತ್ರೆ ಸೇರುತ್ತಾರೆ. ಒಂದು ಅಳತೆ ಪಟ್ಟಿಯಿಂದ ಅಪಾಯವನ್ನು ಮೊದಲೇ ಸೂಚಿಸಬಹುದಾದರೆ ಅದನ್ನು ಬಳಸದಿರುವುದು ಅಸಮಾನತೆಯನ್ನು ಮುಂದುವರಿಸಿದಂತೆ ಎಂದು ಸಾರ್ವಜನಿಕ ಆರೋಗ್ಯ ತಜ್ಞರು ಹೇಳುತ್ತಾರೆ. ಸಮುದಾಯದ ಅಂಕಿ-ಅಂಶಗಳಿಲ್ಲದೆ ಆಹಾರ ನೀತಿಯನ್ನು ರೂಪಿಸುವುದೂ ಸಾಧ್ಯವಿಲ್ಲ.

ಇತರ ದೇಶಗಳ ಅನುಭವ

• ಸಿಂಗಾಪುರ: 1992ರಲ್ಲಿ ಆರಂಭವಾದ ‘ಟ್ರಿಮ್ ಅಂಡ್ ಫಿಟ್’ ಕಾರ್ಯಕ್ರಮದಲ್ಲಿ ಅಧಿಕ ತೂಕದ ಮಕ್ಕಳನ್ನು ಪ್ರತ್ಯೇಕಿಸಿ ವ್ಯಾಯಾಮ ಮಾಡಿಸಲಾಗುತ್ತಿತ್ತು. ಬೊಜ್ಜಿನ ಪ್ರಮಾಣ ತಗ್ಗಿದರೂ ಮಕ್ಕಳು ಗೇಲಿಗೆ ಗುರಿಯಾದರೆಂಬ ಟೀಕೆ ಬಂದಿತು. 2007ರಲ್ಲಿ ಅದನ್ನು ಕೈಬಿಟ್ಟು ಎಲ್ಲ ಮಕ್ಕಳಿಗೂ ಅನ್ವಯಿಸುವ ಕಾರ್ಯಕ್ರಮವನ್ನು ತರಲಾಯಿತು.
• ಅಮೆರಿಕ: ಅರ್ಕನ್ಸಾಸ್ ರಾಜ್ಯವು 2003ರ ಕಾನೂನಿನ ಮೂಲಕ ಮಕ್ಕಳ ಬಿಎಂಐ ವರದಿಯನ್ನು ಪಾಲಕರಿಗೆ ಕಳುಹಿಸತೊಡಗಿತು. ಕ್ಯಾಲಿಫೋರ್ನಿಯಾದ 79 ಶಾಲೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂತಹ ವರದಿಯಿಂದ ಮಕ್ಕಳ ತೂಕದಲ್ಲಿ ಬದಲಾವಣೆ ಕಾಣಲಿಲ್ಲ. ಶಾಲೆಯಲ್ಲಿ ತೂಗಿದ ಮಕ್ಕಳಲ್ಲಿ ತಮ್ಮ ತೂಕದ ಬಗ್ಗೆ ಅತೃಪ್ತಿ ಹೆಚ್ಚಿತು.
• ಇಂಗ್ಲೆಂಡ್: 2006ರಿಂದ 4–5 ಮತ್ತು 10–11 ವರ್ಷದ ಮಕ್ಕಳನ್ನು ಅಳೆಯಲಾಗುತ್ತಿದೆ. ಪಾಲಕರು ನಿರಾಕರಿಸಬಹುದು.
• ಜಪಾನ್: 2008ರಿಂದ 40ರಿಂದ 74 ವರ್ಷದವರ ಸೊಂಟವನ್ನು ಅಳೆಯಲಾಗುತ್ತಿದೆ. ಗಡಿ ಪುರುಷರಿಗೆ 85 ಸೆಂ.ಮೀ., ಮಹಿಳೆಯರಿಗೆ 90 ಸೆಂ.ಮೀ. ಗುರಿ ತಲುಪದಿದ್ದರೆ ಆರ್ಥಿಕ ಹೊರೆ ಬೀಳುವುದು ವಿಮಾ ವ್ಯವಸ್ಥೆಯ ಮೇಲೆ, ವ್ಯಕ್ತಿಯ ಮೇಲಲ್ಲ.

ಕಾನೂನಿನ ಅಂಶಗಳು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ದತ್ತಾಂಶಕ್ಕೆ ಪಾಲಕರ ಪರಿಶೀಲನಾರ್ಹ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಆರೋಗ್ಯ ಸೇವೆ ಮುಂತಾದವುಗಳಿಗೆ ವಿನಾಯಿತಿಯ ಅವಕಾಶವೂ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಸೂಚ್ಯಂಕ 40, ಅಥವಾ ತೀವ್ರವಾದ ಸಹರೋಗಗಳಿದ್ದಲ್ಲಿ 35, ಮಾನದಂಡವಾಗಿದೆ. ಹೀಗೆ ಒಂದೇ ಸಂಖ್ಯೆ ಕೆಲವೆಡೆ ಸೌಲಭ್ಯದ ಬಾಗಿಲಾಗಿಯೂ ಕೆಲವೆಡೆ ನಿರಾಕರಣೆಯ ಕಾರಣವಾಗಿಯೂ ಕೆಲಸ ಮಾಡುತ್ತದೆ.

ನ್ಯಾಯಸಮ್ಮತ ತಪಾಸಣೆಯ ಷರತ್ತುಗಳು

ಮೇಲಿನ ಚರ್ಚೆಯಿಂದ ಹೊರಡುವ ಮುಖ್ಯ ಷರತ್ತುಗಳನ್ನು ಹೀಗೆ ಸಂಗ್ರಹಿಸಬಹುದು:

• ಅಳತೆ ತೆರೆಮರೆಯಲ್ಲಿ ನಡೆಯಬೇಕು. ಮಹಿಳೆಯರನ್ನು ಮಹಿಳೆಯರೇ ಅಳೆಯಬೇಕು. ಸಂಖ್ಯೆಯನ್ನು ಗಟ್ಟಿಯಾಗಿ ಓದಬಾರದು.
• ಒಂದೇ ಭೇಟಿಯಲ್ಲಿ ಕಡಿಮೆ ತೂಕ, ರಕ್ತಹೀನತೆ ಮತ್ತು ಅಧಿಕ ತೂಕ ಮೂರನ್ನೂ ಸಮಾನ ಗೌರವದಿಂದ ನೋಡಬೇಕು.
• ಬಿಎಂಐ ಒಂದರಿಂದಲೇ ತೀರ್ಮಾನಕ್ಕೆ ಬರದೆ ಸೊಂಟದ ಅಳತೆ, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಒಟ್ಟಿಗೆ ಪರಿಗಣಿಸಬೇಕು.
• ಮುಂದಿನ ಪರೀಕ್ಷೆ ಮತ್ತು ಔಷಧ ಎಲ್ಲಿ, ಯಾವಾಗ ದೊರೆಯುತ್ತವೆ ಎಂಬುದು ತಪಾಸಣೆಗೆ ಮೊದಲೇ ನಿಶ್ಚಯವಾಗಿರಬೇಕು. ಗುಳೆ ಹೋಗುವವರ ಕೈಯಲ್ಲಿ ದಾಖಲೆಯ ಪ್ರತಿ ಇರಬೇಕು.
• ಮಕ್ಕಳ ಫಲಿತಾಂಶ ಪಾಲಕರಿಗೆ ಮಾತ್ರ ತಿಳಿಯಬೇಕು. ತರಗತಿಯಲ್ಲಿ ಗುಂಪು ಮಾಡಬಾರದು.
• ಫಲಿತಾಂಶವನ್ನು ನೌಕರಿ, ಪಡಿತರ ಅಥವಾ ದಂಡನೆಗೆ ಜೋಡಿಸಬಾರದು.

ಇವನ್ನೂ ನೋಡಿ

• ದೇಹದ್ರವ್ಯರಾಶಿ ಸೂಚ್ಯಂಕ
• ಮಧುಮೇಹ
• ಅಪೌಷ್ಟಿಕತೆ
• ಆಶಾ ಕಾರ್ಯಕರ್ತೆ
• ವಿಜಯಪುರ ಜಿಲ್ಲೆ